ಕಾರವಾರದ ತೆಂಗಿನಕಾಯಿ

ತಿಂಗಳಿಗೊಮ್ಮೆ ಕಾರವಾರದ ಬಸ್ಸಿನಾಗ ನನಗೊಂದು ಚೀಲ ಬರತೈತಿ. ದಾಂಡೇಲಿ ಬಸ್ ಸ್ಟ್ಯಾಂಡಿನಾಗ ಕಂಡಕ್ಟರ್ ಅದನ್ನ ಎರಡ ಬೆರಳಲೆ ಹಿಡಕೊಂಡು, ಮಾರಿ ಆ ಕಡೆ ತಿರುವಿ, "ತೊಗೋ ಅಜ್ಜಿ, ನಿನ್ನ ಅತ್ತರು ಬಂತು" ಅಂತ ಕೊಡತಾನ. ಒಳಗ ಒಣಗಿಸಿದ ಸೀಗಡಿ ಇರತಾವು. ಮನಿಗೆ ತಂದು ಬಾಯಿ ಬಿಚ್ಚಿದ ಕೂಡಲೆ ಆ ವಾಸನಿ ಮೂರ ಮನಿ ದಾಟಿ ಹೋಗತೈತಿ. ಬಾಜೂ ಮನಿಯಾಕಿ ಬೇಕಂತನ ಕೆಮ್ಮತಾಳ. ಕೆಮ್ಮಲಿ. ಹುರದು ಚಟ್ನಿ ಕುಟ್ಟಿದ ಮ್ಯಾಲ ವಾಟಗ ಹಿಡಕೊಂಡು ಬರೂದೂ ಆಕಿನ.

ಆ ವಾಸನಿ ಬಂದಾಗೆಲ್ಲಾ ನನಗ ನಾಲ್ಕು ವರ್ಷದ ಹಿಂದಿನ ಹೋಳಿ ನೆನಪಾಗತೈತಿ. ಆ ದಿನದ ಬಗ್ಗೆ ಬಾಯಿಲೆ ಹೇಳಾಕ ಹೋದ್ರ ಜನ ನಡುವ ಬಾಯಿ ಹಾಕತಾರ. ಒಬ್ಬರು "ಚೊಲೋ ಮಾಡಿದಿ" ಅಂತಾರ, ಇನ್ನೊಬ್ಬರು "ಹಂಗ ಮಾಡಬಾರದಿತ್ತು" ಅಂತಾರ. ಎರಡೂ ನನಗ ಬ್ಯಾಡ. ಅದಕ್ಕ ಬರಿಯಾಕತ್ತೇನಿ. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ಸೊಟ್ಟ ಇದ್ರ ಇರಲಿ.

ಆ ವರ್ಷ ಗಾಳಿ ಲಗೂನ ಎದ್ದಿತ್ತು. ಶಿವರಾತ್ರಿ ಮುಗಿಯೂದರಾಗ ತೇಗಿನ ಎಲಿ ಎಲ್ಲಾ ಉದುರಿ, ಒಣಗಿ, ಓಣಿಯಾಗ ಹಪ್ಪಳದಂಗ ಹೊಳ್ಳ್ಯಾಡತಿದ್ವು. ಮನಿ ಮ್ಯಾಲಿನ ತಗಡಿನ ಪತ್ರಾಸ ಹಾರಬಾರದಂತ ನಾಲ್ಕು ಕಲ್ಲು ಇಟ್ಟಿದ್ವಿ, ಸಾಲಲಾರದ್ದಕ್ಕ ಹಳೆ ಬೀಸೂ ಕಲ್ಲಿನ ಅರ್ಧಾನೂ ಏರಿಸಿದ್ವಿ. ನನ್ನ ಮಗ ಬಸೂ ಕಾಮಾಲಿ ಆಗಿ ಸತ್ತು ಎರಡು ವರ್ಷ ಆಗಿತ್ತು. ನನ್ನ ಗಂಡ ಅದಕ್ಕೂ ಮೊದಲ ಹೋಗಿದ್ದ. ಮನಿಯಾಗ ನಾವು ಮೂರ ಮಂದಿ: ನಾನು, ಸೊಸಿ ರೇಣುಕಾ, ಅವರ ಮಗಳು ಅಂಜಲಿ. ಅಂಜಲಿಗೆ ಆಗ ಒಂಬತ್ತು ವರ್ಷ, ನಾಲ್ಕನೇತ್ತಿ. ರೇಣುಕಾ ಜೋಯಿಡಾ ರಸ್ತಾದಾಗಿನ ಒಂದು ಹೋಂಸ್ಟೇದಾಗ ಅಡಗಿ ಮಾಡತಿದ್ಲು. ಕಾಡು ನೋಡಾಕ ಬರೂ ಮಂದಿಗೆ ಚಪಾತಿ, ಪಲ್ಯ. ನಾನು ಮನ್ಯಾಗ ಹುಡುಗೀನ ನೋಡಕೋತಿದ್ದೆ. ಬಸೂ ಹೋದ ಮ್ಯಾಲ ನನಗ ಮಾಡಾಕ ಉಳದ ಕೆಲಸ ಅದೊಂದ. ಆಕಿ ಜಡಿ ಹಾಕೂದು, ಆಕಿ ಡಬ್ಬಿ ಕಟ್ಟೂದು, ಆಕಿ ಮಾತು ಕೇಳೂದು. ಮಾತಂದ್ರ ಬರೇ ಪಕ್ಷಿ ಮಾತು. ಒಂದು ನೋಟಬುಕ್ ಇಟಗೊಂಡಿದ್ಲು. ಹಾಳಿ ನಡುವ ಗೆರಿ ಎಳದು ಒಂದು ಕಡೆ 'ಕಂಡದ್ದು', ಇನ್ನೊಂದು ಕಡೆ 'ಕಾಣಲಿಲ್ಲ' ಅಂತ ಬರದಿರತಿದ್ಲು. ಕಾಣಲಾರದ್ದನ್ನ ಯಾಕ ಬರಿತಿ ಹುಡುಗಿ ಅಂತ ಕೇಳಿದ್ರ, "ಹುಡುಕಿದ್ದು ಲೆಕ್ಕಕ್ಕ ಬರಬೇಕಲ್ಲ ಆಯಿ" ಅಂತಿದ್ಲು.

ಆ ಗಾಳಿಗಾಲದಾಗ ರೇಣುಕಾ ಬ್ಯಾರೆ ಆಗಿದ್ಲು. ಭಾಂಡೆ ತಿಕ್ಕತಾ ತಿಕ್ಕತಾ ಹಂಗ ನಿಂತಬಿಡತಿದ್ಲು, ಕೈಯಾಗಿನ ಬೂದಿ ಒಣಗೂತನ. ಒಂದಿನ ಸಂಜೀಕ ಕೇಳಿದ್ಲು:

"ಅತ್ತಿ, ನಿಮಗ ಸಮುದ್ರ ನೋಡಬೇಕ ಅನಸತೈತೇನ್ರಿ?"

"ಸಮುದ್ರದ ಹಂತೇಲಿ ನನಗೇನ ಕೆಲಸೈತಿ?"

"ಹಂಗಲ್ರಿ. ಸುಮ್ಕ."

"ಸುಮ್ಕ ನೋಡಾಕ ಇಲ್ಲಿ ಹೊಳಿ ಐತೆಲ್ಲ. ನೀರ ನೀರ."

ಆಕಿ ಭಾಂಡೆ ತಿಕ್ಕಾಕ ಕುಂತ್ಲು. ಆದ್ರ ಮುಂದಿನ ವಾರ ನನಗ ಹೊಸಾ ಚಪ್ಪಲಿ ತಂದ್ಲು. ಬಸೂ ಇದ್ದಾಗ ಸುದ್ದಾ ನನ್ನ ಚಪ್ಪಲಿ ಉಂಗುಟ ಕಿತ್ತ ಮ್ಯಾಲ ಹೊಸಾವು ಬರತಿದ್ವು. ಇವು ಹಳೆವು ಗಟ್ಟಿ ಇದ್ದಾಗನ ಬಂದ್ವು. ಏನೋ ಐತಿ ಅಂದಕೊಂಡೆ. ಏನಂತ ತಿಳೀಲಿಲ್ಲ.

ಹೋಳಿ ಬಣ್ಣದ ದಿನ ಹೋಂಸ್ಟೇಕ್ಕ ಸೂಟಿ. ಆ ದಿನ ಆಳು ಬರೂದಿಲ್ಲ, ಬಂದ್ರೂ ಸೋಗಿನಾಗಿರತಾವು ಅಂತ ಮಾಲಕ ಬೀಗ ಹಾಕತಿದ್ದ. "ಎಲ್ಲಾರೂ ಬಣ್ಣ ಆಡ್ಲಿ, ನಾವು ಕಾರವಾರಕ್ಕ ಹೋಗೂಣು" ಅಂದ್ಲು ರೇಣುಕಾ. ಅಂಜಲಿ ಕುಣದಾಡಿದ್ಲು. ಆದ್ರ ಒಂದು ಕರಾರು ಹಾಕಿದ್ಲು: ಬಸ್ಸಿಗಿಂತ ಮೊದಲ ಮಂಗಟ್ಟಿ ಗೂಡು ನೋಡಬೇಕು.

ಕಟ್ಟಿಗಿ ಡಿಪೋದ ಹಿಂದ ಒಂದು ದೊಡ್ಡ ಗಿಡ ಐತಿ. ಅದರ ಪೊಟರಿಯಾಗ ವರ್ಷಾ ವರ್ಷಾ ಮಂಗಟ್ಟಿ ಗೂಡು ಮಾಡತೈತಿ. ಆ ಹಕ್ಕಿ ಎಲ್ಲಾರಿಗೂ ಗೊತ್ತು, ಕೊಕ್ಕಿನ ಮ್ಯಾಲ ಇನ್ನೊಂದು ಕೊಕ್ಕು ಇಟ್ಟಂಗಿರತೈತಿ, ಹಾರಿದ್ರ ಯಾರೋ ಚಾಪಿ ಝಾಡಿಸಿದಂಗ ಸಪ್ಪಳ. ಬೆಳಿಗ್ಗೆ ಆರೂವರಿಗೆ ನಾವು ಮೂರೂ ಮಂದಿ ಅಲ್ಲಿ ಹೋಗಿ ನಿಂತ್ವಿ. ಗಾಳಿಗೆ ನನ್ನ ಸೆರಗು ತಲಿ ಮ್ಯಾಲ ನಿಲ್ಲಲೊಲ್ದು. ಓಣಿ ಹುಡುಗರು ಹಿಂದಿನ ದಿನನ ಹಚ್ಚಿದ ಗುಲಾಬಿ ಬಣ್ಣ ಅಂಜಲಿ ಕಿವಿ ಹಿಂದ ಹಂಗ ಉಳದಿತ್ತು. ಪೊಟರಿ ಬಾಯಿ ಪೂರಾ ಮುಚ್ಚಿ, ನಡುವ ಒಡದ ಬಳಿ ಚೂರಿನಷ್ಟು ಉದ್ದ ಒಂದು ಸಂದಿ ಬಿಟ್ಟಿತ್ತು.

"ಒಳಗ ಹೆಣ್ಣು ಐತಿ ಆಯಿ," ಅಂದ್ಲು ಅಂಜಲಿ ಸಣ್ಣ ದನಿಲೆ. "ತತ್ತಿ ಇಟ್ಟು ಕುಂತೈತಿ. ಗಂಡು ಹಣ್ಣು ತಂದು ಕೊಡತೈತಿ."

ಗಂಡು ಬಂತು. ಟೊಂಗಿ ಮ್ಯಾಲ ಕೂಡಾಕ ಹೋತು, ಗಾಳಿ ಬೀಸಿದ ಕೂಡಲೆ ಎದ್ದು ಹೋತು. ಮತ್ತ ಬಂತು, ಮತ್ತ ಹೋತು. ಮೂರನೇ ಸಲ ಬಂದಾಗ ಪೊಟರಿ ತುಟಿ ಗಟ್ಟಿ ಹಿಡಕೊಂಡು ಗಂಟಲದಾಗಿಂದ ಒಂದೊಂದ ಹಣ್ಣು ಹೊರಗ ತಗದು ಆ ಸಂದಿಯೊಳಗ ಕೊಟ್ಟಿತು. ಒಳಗಿಂದ ಒಂದು ಕೊಕ್ಕಿನ ತುದಿ ಕಂಡು ಒಳಗ ಹೋತು.

"ಪಾಪ," ಅಂದೆ ನಾನು. "ಹೊರಗಿಂದ ಗೋಡಿ ಕಟ್ಟಿ ಕೂಡಿ ಹಾಕ್ಯಾನೇನ ಆಕಿನ್ನ?"

"ಇಲ್ಲ ಆಯಿ. ಆಕಿನ ಮೆತ್ತಿಕೊಂಡಾಳ. ಒಳಗಿಂದ."

"ತಾನ?"

"ಹೂಂ. ತನ್ನ ಹಿಕ್ಕಿಲೆ."

ರೇಣುಕಾ ನಕ್ಕಳು. ನನಗ ನಗು ಬರಲಿಲ್ಲ. ಗಂಡು ಬರದಿದ್ರ ಏನ ಗತಿ ಅಂತ ಕೇಳಿದೆ. ಅಂಜಲಿ ಪೆನ್ಸಿಲ್ ಬಾಯಾಗ ಇಟಗೊಂಡು, "ಕೆಲವೊಮ್ಮೆ ಒಡಕೊಂಡು ಹೊರಗ ಬರತೈತಂತ. ಕೆಲವೊಮ್ಮೆ ಇಲ್ಲಂತ" ಅಂದು, 'ಕಂಡದ್ದು' ಅನ್ನೂ ಕಡೆ ಮಂಗಟ್ಟಿ ಗಂಡು ಅಂತ ಬರದ್ಲು. ಹೆಣ್ಣನ್ನ ಎಲ್ಲಿ ಬರೀಬೇಕಂತ ಆಕಿಗೆ ತಿಳೀಲಿಲ್ಲ. ಬರೇ ಕೊಕ್ಕು ಕಂಡ್ರ ಕಂಡಂಗೋ ಕಾಣಲಿಲ್ಲದಂಗೋ? ಬಸ್ ಸ್ಟ್ಯಾಂಡ್ ಮುಟ್ಟೂತನ ಅದನ್ನ ಕೇಳಕೋತ ಬಂದ್ಲು.

ಬಸ್ಸಿನಾಗ ನನಗ ಕಿಡಕಿ ಕಡೆ ಜಾಗಾ ಕೊಟ್ರು. ಜೋಯಿಡಾದಾಗ ಮೂರ್ನಾಕು ಹೆಂಗಸರು ಕೊಂಕಣಿ ಮಾತಾಡಕೋತ ಹತ್ತಿದ್ರು. ಘಟ್ಟದಾಗ ಬಸ್ಸು ತಿರುವಿಗೊಮ್ಮೆ ಡೊಗ್ಗತಿತ್ತು. ಒಂದು ಕಡೆ ದೊಡ್ಡ ಕೆಂಪು ಅಳಿಲು, ಬೆಕ್ಕಿನಷ್ಟು ದೊಡ್ಡದು, ರಸ್ತಾದ ಈ ಗಿಡದಿಂದ ಆ ಗಿಡಕ್ಕ ಬಸ್ಸಿನ ಮ್ಯಾಲಿಂದನ ಹಾರಿತು. ಅಂಜಲಿ ಚೀರಿದ್ದಕ್ಕ ಡ್ರೈವರ್ ಬ್ರೇಕ್ ಹಾಕಿ ಬೈದ. ನಾನೂ ಡ್ರೈವರಗ ಬೈದೆ.

ಬ್ರೇಕ್ ಹಾಕಿದಾಗನ ರೇಣುಕಾನ ತೊಡಿ ಮ್ಯಾಲಿನ ಚೀಲ ಜಾರಿ ಬಿತ್ತು. ಒಳಗಿಂದ ಅಂಜಲಿದು ಇನ್ನೊಂದು ಜೋಡಿ ಅರಿವಿ ಹೊರಗ ಬಂದ್ವು, ಅದರ ಕೂಡ ಒಂದು ಸಣ್ಣ ಡಬ್ಬಿ. ಮುಚ್ಚಳ ತಗದಿತ್ತು. ಬಸೂ ಕಟ್ಟಿದ ತಾಳಿ, ಕಾಲುಂಗರ. ಆಕಿ ಗಡಬಡಿಸಿ ಎಲ್ಲಾ ಒಳಗ ತುರುಕಿದ್ಲು. ನನ್ನ ಮಾರಿ ನೋಡಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಮಂದ್ಯಾಗ ಗಂಡ ಸತ್ತಾಕಿ ಇನ್ನೊಬ್ಬನ್ನ ಮಾಡಕೊಬೋದು. ಅದಕ್ಕ ಉಡಕಿ ಅಂತಾರ. ಹೊಸಬ ಒಂದು ಸೀರಿ ಉಡಸತಾನ, ಅಷ್ಟ. ಹಂದರ ಇಲ್ಲ, ಬಾಜಾಬಜಂತ್ರಿ ಇಲ್ಲ. ಹೋಗಾಕಿ ಮೊದಲಿನ ಗಂಡ ಕಟ್ಟಿದ ತಾಳಿ ಅವನ ಮನಿಯವರಿಗೆ ತಿರುಗಿ ಕೊಡಬೇಕು. ಮಕ್ಕಳಿದ್ರ ಅವೂ ಮೊದಲಿನ ಮನಿಗೆ. ಹೆಂಗಸು ಒಬ್ಬಾಕಿನ ಹೋಗೂದು. ನಾ ನೋಡಿದ್ದು ಅದ, ಕೇಳಿದ್ದೂ ಅದ.

ಡಬ್ಬಿ ನೋಡಿದ ಕೂಡಲೆ ರೇಣುಕಾ ಹೊಂಟಾಳ ಅಂತ ತಿಳೀತು. ಸಿಟ್ಟು ಬರಲಿಲ್ಲ. ಮೂವತ್ತೊಂದು ವರ್ಷದಾಕಿ, ಎಷ್ಟ ದಿನ ಕೂಡತಾಳ. ಆದ್ರ ಹುಡುಗಿ ಅರಿವಿ ಯಾಕ ತಂದಾಳ? ತಾಳಿ ಕೊಟ್ಟು ಹೋಗಾಕಿ ಹುಡುಗೀನೂ ಬಿಟ್ಟು ಹೋಗಬೇಕಲ್ಲ? ನನ್ನನ್ನ ಯಾಕ ಕರಕೊಂಡು ಹೊಂಟಾಳ? ಘಟ್ಟಾ ಇಳಿಯೂತನ ಇದನ್ನ ತಿರುವಿ ಮುರುವಿ ಹಾಕಿದೆ. ಒಂದಕ್ಕೊಂದು ಕೂಡಲಿಲ್ಲ. ಕೇಳಬೋದಾಗಿತ್ತು. ಕೇಳಿದ್ರ ಉತ್ತರ ಬರತಿತ್ತು, ಅದಕ್ಕ ಕೇಳಲಿಲ್ಲ.

ಕಾರವಾರದಾಗ ಇಳದ್ರ ದಾಂಡೇಲಿ ಗಾಳಿ ಏನೂ ಅಲ್ಲ. ಉಸುಕು ಮಾರಿಗೆ ರಪರಪ ಬಡಿತಿತ್ತು. ಬಸ್ ಸ್ಟ್ಯಾಂಡಿನಾಗ ಒಬ್ಬಾಂವ ಟೋಪಿ ಒಂದು ಕೈಲೆ ಹಿಡಕೊಂಡು ನಿಂತಿದ್ದ. ನೋಡಿದೆ, ಗುರುತು ಹತ್ತಿತು. ವಿನಾಯಕ. ನಮ್ಮ ಕಾಳಿ ಹೊಳ್ಯಾಗ ಮಂದೀನ್ನ ರಬ್ಬರ್ ಬೋಟಿನಾಗ ಕುಂಡರಿಸಿ ಹುಟ್ಟು ಹಾಕತಿದ್ದ. ರೇಣುಕಾ ಅಡಗಿ ಮಾಡೂ ಹೋಂಸ್ಟೇದಾಗ ಊಟಕ್ಕ ಬರತಿದ್ದ. ವರ್ಷದ ಹಿಂದ ಕೆಲಸ ಬಿಟ್ಟು ಊರಿಗೆ ಹೋಗಿದ್ದ.

"ನೀ ಇಲ್ಲೇನ ಮಾಡಾಕತ್ತೀಪಾ?" ಅಂದೆ.

"ಇದೇ ನನ್ನ ಊರು ಅಮ್ಮ. ಬನ್ನಿ. ಬಸ್ಸಲ್ಲಿ ತೊಂದ್ರೆ ಆಯ್ತಾ?"

"ಬಸ್ಸಿನಾಗ ಏನೂ ಆಗಲಿಲ್ಲ."

ರೇಣುಕಾ ಹೊಸಾ ಹುಡುಗಿಯಂಗ ಚೀಲದ ದಾರ ಸುತ್ತಕೋತ ನಿಂತಿದ್ಲು. ಅಂಜಲಿ ಮಾತ್ರ ನೇರ ಕೇಳಿದ್ಲು, "ಅಂಕಲ್, ಡಾಲ್ಫಿನ್ ಕಾಣಸತಾವೇನ?"

"ಗಾಳಿ ಜೋರು ಪುಟ್ಟಿ. ಇವತ್ತು ಬೋಟು ಬಿಡೋದಿಲ್ಲ. ಬಂಡೆ ಮೇಲೆ ನಿಂತು ನೋಡೋಣ, ಅದೃಷ್ಟ ಇದ್ರೆ."

ಅವನ ಮನಿ ಹೊಳಿ ಸಮುದ್ರಕ್ಕ ಕೂಡೂ ಜಾಗಾದ ಹತ್ರ. ಅಂಗಳದ ತುಂಬ ಸೀಗಡಿ ಒಣಗಿಸಿ, ಮ್ಯಾಲ ಬಲಿ ಹಾಸಿ, ಸುತ್ತ ಕಲ್ಲು ಇಟ್ಟಿದ್ರು. ಕಲ್ಲಿಟ್ಟದ್ದು ನೋಡಿ ನಮ್ಮ ಪತ್ರಾಸ ನೆನಪಾತು. ಒಳಗ ಅವನ ತಾಯಿ ಇದ್ಲು, ನನಗಿಂತ ನಾಲ್ಕೈದು ವರ್ಷ ದೊಡ್ಡಾಕಿ. ಕನ್ನಡ ಬರೂದಿಲ್ಲ, ಬರೇ ಕೊಂಕಣಿ. ರೇಣುಕಾನ್ನ ತಲಿಯಿಂದ ಕಾಲತನ ನೋಡಿದ್ಲು. ನನ್ನನ್ನೂ ನೋಡಿದ್ಲು. "ಬಸ್, ಬಸ್" ಅಂದ್ಲು. ಬಸ್ಸಿನಿಂದ ಈಗರ ಇಳದೇವಿ ಅಂತ ನಾ ಹೇಳಾಕ ಹೋದೆ. ಕೂಡ್ರಿ ಅಂತಾಳ ಅಂತ ವಿನಾಯಕ ಹೇಳಿದ. ಕುಂತೆ.

ಚಹಾ ಕುಡದ್ವಿ. ಬಾಗಿಲಾ ಗಾಳಿಗೆ ಬಡಕೋತಿತ್ತು, ವಿನಾಯಕ ಎದ್ದು ಹಾಕತಿದ್ದ, ಅದು ಮತ್ತ ತಗೀತಿತ್ತು. ಆವಾಗ ಆ ಮುದುಕಿ ಒಳಗ ಹೋಗಿ ಒಂದು ತೆಂಗಿನಕಾಯಿ, ಒಂದು ಬೊಗಸಿ ಅಕ್ಕಿ ತಂದ್ಲು. ಅಂಜಲಿ ಮುಂದ ಕುಂತು, ಹುಡುಗಿ ಲಂಗದ ತುದಿ ತಾನ ಹಿಡದು, ಕಾಯಿ, ಅಕ್ಕಿ ಎರಡೂ ಅದರಾಗ ಹಾಕಿದ್ಲು. ಗದ್ದ ಹಿಡದು ಮುದ್ದಿಸಿದ್ಲು.

ನಮ್ಮ ಕಡೆ ಉಡಿ ತುಂಬಿದ್ರಂದ್ರ ಅದಕ್ಕ ಅರ್ಥ ಐತಿ. ಕಳಸೂ ಮುಂದ ತುಂಬತಾರ, ಕರಕೊಳ್ಳೂ ಮುಂದ ತುಂಬತಾರ. ನನ್ನ ತಲ್ಯಾಗ ಬಸ್ಸಿನಿಂದ ತಿರುಗಾಕತ್ತಿದ್ದು ಒಮ್ಮೆಲೆ ನಿಂತು ಕೂಡಿಕೊಂಡಿತು. ಅರಿವಿ ತಂದದ್ದು ಅದಕ್ಕ! ಹುಡುಗೀನ್ನ ಇಲ್ಲೇ ಇಟಗೊಳ್ಳಾಕ ಇವರೆಲ್ಲಾ ಮಾತಾಡಿ ಮುಗಿಸ್ಯಾರ. ನನ್ನನ್ನ ಕರದದ್ದು ತಾಳಿ ಕೈಯಾಗ ಹಿಡಸಿ ಕಳಸಾಕ.

ಎದ್ದೆ. ಹುಡುಗಿ ಉಡಿಯಾಗಿನ ಕಾಯಿ ತಗದು ಮಣಿ ಮ್ಯಾಲ ಧಪ್ಪಂತ ಇಟ್ಟೆ. ಅಕ್ಕಿ ನೆಲಕ್ಕ ಚೆಲ್ಲಿತು.

"ಹುಡುಗೀನ್ನ ಕೊಟ್ಟಿಲ್ಲ!" ಅಂದೆ. "ನೀ ಬೇಕಾದ್ರ ಹೋಗು ರೇಣುಕಾ, ನಾ ಕಾಲ ಹಿಡಿಯೂದಿಲ್ಲ. ಹುಡುಗಿ ನಮ್ಮ ಮನೀದು. ಉಡಕಿ ಆಗಾಕಿ ಮಕ್ಕಳನ್ನ ಬಿಟ್ಟು ಹೋಗಬೇಕು. ನಾ ಬಿಟ್ಟು ಬಂದಿಲ್ಲೇನು ಇಂದೂರಾಗ? ನನಗೊಂದು ರೂಢಿ, ನಿನಗೊಂದು ರೂಢಿನ?"

ಬಾಯಿ ಮುಚ್ಚೂದರಾಗ ಮಾತು ಹೊರಗ ಬಿದ್ದಿತ್ತು. ರೇಣುಕಾ ಬಾಯಿ ತಗದು ನೋಡಾಕತ್ಲು. ವಿನಾಯಕ ಬಾಗಿಲಾ ಹಿಡಕೊಂಡು ಹಂಗ ನಿಂತ. ಮುದುಕಿ ಚೆಲ್ಲಿದ ಅಕ್ಕೀನ್ನ ನೋಡಿದ್ಲು, ನನ್ನನ್ನ ನೋಡಿದ್ಲು. ಅಂಜಲಿ ಕೇಳಿದ್ಲು:

"ಇಂದೂರಾಗ ಯಾರನ್ನ ಬಿಟ್ಟು ಬಂದಿ ಆಯಿ?"

ನಾನು ಹೊಸಾ ಚಪ್ಪಲಿ ಮೆಟಗೊಂಡು ಹೊರಗ ಬಂದೆ.

ಎಲ್ಲಿ ಹೋಗೂದು? ಊರು ಗೊತ್ತಿಲ್ಲ, ಮಾತು ಗೊತ್ತಿಲ್ಲ. ಗಾಳಿ ದಬ್ಬಿದ ಕಡೆ ಹೋದೆ, ಅದು ನೀರಿನ ದಂಡಿಗೆ ದಬ್ಬಿತು. ಚಪ್ಪಲಿ ತುಂಬ ಉಸುಕು. ಸಣ್ಣ ಸಣ್ಣ ಏಡಿ ನನ್ನ ಕಾಲು ಕಂಡು ತೂತಿನೊಳಗ ಹೊಕ್ಕೊಳತಿದ್ವು. ಕಾಲು ತೊಳಕೊಳ್ಳೂಣಂತ ನೀರಿನ ಕಡೆ ಹೋದೆ. ಅಲ್ಲೇ ಬಿದ್ದಿದ್ದ ಒಂದು ಬಡಿಗಿ ತೊಗೊಂಡು ನೀರು ಬಡಿಯಾಕತ್ತಿದೆ. ದಾಂಡೇಲ್ಯಾಗ ನಾವು ಹೊಳಿಗೆ ಕಾಲಿಡೂಕಿಂತ ಮೊದಲ ಹಂಗ ಮಾಡತೇವಿ. ಮೊಸಳಿ ಇದ್ರ ಸರೀಲಿ ಅಂತ. ನಾ ಬಡದೆ, ತೆರಿ ಬಂತು. ಮತ್ತ ಬಡದೆ, ಮತ್ತ ಬಂತು. ಆ ಕಡೆ ಬಲಿ ಹೊಲಿಯಾಕತ್ತಿದ್ದ ಇಬ್ಬರು ಗಂಡಸರು ಸೂಜಿ ಕೆಳಗಿಟ್ಟು ನನ್ನನ್ನ ನೋಡತಿದ್ರು.

"ಅತ್ತಿ, ಇಲ್ಲಿ ಮೊಸಳಿ ಇಲ್ರಿ."

ರೇಣುಕಾ ಹಿಂದ ಬಂದಿದ್ಲು.

"ನಮ್ಮ ಹೊಳಿ ಬಂದು ಕೂಡೂದು ಇಲ್ಲೇ ಅಲ್ಲ? ಹೊಳಿ ಬಂದದ್ದು, ಮೊಸಳಿ ಬರೂದಿಲ್ಲಂತ ಏನ ಖಾತ್ರಿ?"

"ನಡುವ ಡ್ಯಾಮ್ ಅದಾವ್ರಿ."

ದೂರದಾಗ ಬಂಡಿಗಲ್ಲಿನ ಮ್ಯಾಲ ವಿನಾಯಕ ಅಂಜಲೀನ್ನ ನಿಂದರಿಸಿಕೊಂಡು ಸಮುದ್ರದ ಕಡೆ ಕೈ ಮಾಡಿ ತೋರಸತಿದ್ದ. ಗಾಳಿಗೆ ಬೀಳಬಾರದಂತ ಆಕಿ ಲಂಗದ ಹಿಂದಿನ ಲಾಡಿ ಮುಷ್ಟಿಯಾಗ ಹಿಡದಿದ್ದ. ಅದನ್ನ ನಾ ನೋಡಿದೆ.

"ಇಂದೂರಾಗ ಯಾರ್ರಿ?" ಅಂದ್ಲು ರೇಣುಕಾ.

"ನನ್ನ ಮಗಳು. ಗಂಗವ್ವ. ಬಸೂಗಿಂತ ದೊಡ್ಡಾಕಿ. ಮುಂಡಗೋಡದ ಹತ್ರ ಇಂದೂರಿನ ಮೊದಲಿನ ಗಂಡಂದು. ಅಂವ ಜ್ವರ ಬಂದು ಸತ್ತ ಮ್ಯಾಲ ದಾಂಡೇಲಿಯಂವ ಬಂದು ನನಗ ಸೀರಿ ಉಡಿಸಿದ. ಹೊತ್ತ ಮುಳುಗಿದ ಮ್ಯಾಲ ಹಿತ್ತಲ ಬಾಗಲದಾಗ. ಹುಡುಗಿಗೆ ಎರಡು ವರ್ಷ."

"ಅವರು ಬಿಡಲಿಲ್ಲ?"

ಹೂಂ ಅನ್ನಾಕ ಬಾಯಿ ತಗದೆ. ನಲವತ್ತು ವರ್ಷ ನಾನು ನನಗ ಹೇಳಿಕೊಂಡು ಬಂದದ್ದು ಅದನ್ನ: ಅವರು ಬಿಡಲಿಲ್ಲ, ರೂಢಿ ಹಂಗ ಇತ್ತು. ಆದ್ರ ಬೆಳಿಗ್ಗೆ ಅಂಜಲಿ ಗಿಡದ ಬುಡಕ ನಿಂತು 'ಆಕಿನ ಮೆತ್ತಿಕೊಂಡಾಳ, ಒಳಗಿಂದ' ಅಂದದ್ದು ನೆನಪಾತು. ಬಾಯಿಗೆ ಹೂಂ ಬರಲಿಲ್ಲ.

"ಬಿಟ್ರು," ಅಂದೆ. "ಆಕಿಗೆ ಒಂಬತ್ತು ವರ್ಷ ಆದಾಗ ಒಮ್ಮೆ ಹೋಗಿದ್ದೆ. ಬಳಿ ತೊಗೊಂಡು. ನನ್ನ ಮೊದಲಿನ ಅತ್ತಿ ಭತ್ತ ತೂರಾಕತ್ತಿದ್ಲು. 'ಬಂದೇನ? ಕರಕೊಂಡ ಹೋಗು. ನನಗ ಕಣ್ಣ ಮಂಜಾಗ್ಯಾವು, ಹುಡುಗಿಗೆ ಜಡಿ ಹಾಕಾಕ ಆಗೂದಿಲ್ಲ, ರೂಢಿಗೀಢಿ ಸುಡ್ಲಿ' ಅಂದ್ಲು. ಹುಡುಗಿ ತಾನ ಅರಿವಿ ಗಂಟು ಕಟಗೊಂಡು ಹೊಚ್ಚಲದಾಗ ಬಂದು ಕುಂತ್ಲು."

"ಮತ್ತ?"

"ಸುಗ್ಗಿ ಮುಗದ ಮ್ಯಾಲ ಬರತೇನಿ ಅಂದೆ. ಒಬ್ಬಾಕಿನ ದಾಂಡೇಲಿಗೆ ಹೊಳ್ಳಿ ಬಂದೆ. ಮತ್ತ ಆ ಕಡೆ ಹೋಗಲಿಲ್ಲ."

"ಮಾವನವರು ಬ್ಯಾಡಂದ್ರ?"

"ಅವನ್ನ ಕೇಳಲೇ ಇಲ್ಲ."

"ಯಾಕ್ರಿ?"

"ಗೊತ್ತಿಲ್ಲವ್ವ."

ಸುಳ್ಳಲ್ಲ ಅದು. ಯಾಕಂತ ನನಗ ಇವತ್ತಿಗೂ ತಿಳಿದಿಲ್ಲ. ಬಸೂ ಮೊಲಿ ಕೂಸಿದ್ದ, ಮನಿ ಸಣ್ಣದಿತ್ತು, ಓಣ್ಯಾಗ ಯಾರಿಗೂ ನನ್ನ ಉಡಕಿ ಸುದ್ದಿ ಗೊತ್ತಿರಲಿಲ್ಲ. ಇವು ಯಾವೂ ಹುಡುಗೀನ್ನ ಬಿಡೂವಂಥಾ ಕಾರಣಲ್ಲ. ಆದ್ರ ಬಿಟ್ಟೆ.

ರೇಣುಕಾ ಅಳಲಿಲ್ಲ, ನನ್ನ ಬೆನ್ನ ಮ್ಯಾಲ ಕೈಯಾಡಿಸಲಿಲ್ಲ. ಆಕಿ ಹಂಗ ಮಾಡಿದ್ರ ನಾ ಆ ಬಡಿಗೀಲೆ ಹೊಡೀತಿದ್ದೆ. ಆಕಿ ಅಂದದ್ದು ಇಷ್ಟು:

"ಹಂಗಿದ್ರ ಅಂಜಲಿ ವಿಷಯದಾಗ ರೂಢಿ ಅನಬ್ಯಾಡ್ರಿ. ನನಗ ಬೇಕು ಅನ್ರಿ. ನೀವು ಬೇಕು ಅಂದ್ರ ನಾ ಈ ಮನಿಗೆ ಬರೂದಿಲ್ಲ. ಅವರಿಗೂ ಹಂಗ ಹೇಳೇನಿ. ಹುಡುಗೀನ್ನ ಬಿಟ್ಟು ನಾ ಬರಾಕಿ ಅಲ್ಲ, ನಿಮ್ಮನ್ನ ಕೇಳಲಾರದನೂ ಬರಾಕಿ ಅಲ್ಲ. ಅದಕ್ಕ ಕರಕೊಂಡ ಬಂದೇನಿ. ಅರಿವಿ ತಂದದ್ದು, ಸಮುದ್ರದಾಗ ಒಂದು ಜೋಡಿ ತೋಯಿಸ್ಕೋತಾಳ ಅಂತ."

"ಮತ್ತ ತಾಳಿ?"

"ಮನ್ಯಾಗ ಇಟ್ಟ ಬಂದ್ರ ಯಾರರ ಕದ್ದಾರಂತ. ಹಿಂದಿನ ಬಾಗಿಲಾ ಗಟ್ಟಿ ಇಲ್ಲಲ್ರಿ."

ಅರಿವಿಗೂ ತಾಳಿಗೂ ನಾನು ಏನೇನೋ ಅರ್ಥ ಹಚ್ಚಿದ್ದೆ. ನಗಬೇಕೋ ಬೈಬೇಕೋ ತಿಳೀಲಿಲ್ಲ. 'ನನಗ ಬೇಕು' ಅಂತ ಒಂದು ಮಾತು ಅಂದ್ರ ಹುಡುಗಿ ನನ್ನ ಹತ್ರ ಇರತಿದ್ಲು. ನನಗ ಬೇಕಾಗಿತ್ತು, ಖರೇನ. ಅಂದಬಿಡೂಣಂತ ಉಸುರು ತೊಗೊಂಡೆ. ಅಷ್ಟರಾಗ ಬಂಡಿ ಮ್ಯಾಲಿಂದ ಅಂಜಲಿ ಚೀರಿದ್ಲು:

"ಆಯೀ! ಅಲ್ಲಿ! ಅಲ್ಲಿ!"

ನೋಡಿದೆ. ತೆರಿ ನಡುವ ಕರಿ ಬೆನ್ನು ಎದ್ದಂಗಾತು. "ಮೊಸಳಿ!" ಅಂದೆ. ಬಲಿ ಹೊಲಿಯೂ ಗಂಡಸರು ಬಿದ್ದು ಬಿದ್ದು ನಕ್ಕರು. ಮತ್ತ ನೋಡೂದರಾಗ ಬರೇ ನೀರು. ಅಂಜಲಿ ಬಂಡಿ ಇಳದು ಓಡಿ ಬಂದ್ಲು, ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡು.

"ಮೂರು ಡಾಲ್ಫಿನ್ ಆಯಿ! ನಿನಗ ಕಂಡ್ವಿಲ್ಲ?"

"ನನಗ ಕಂಡದ್ದು ಏನಂತ ನನಗ ಗೊತ್ತಿಲ್ಲ."

"ಹಂಗಾದ್ರ ಎಲ್ಲಿ ಬರೀಲಿ?"

"ನಿನಗ ಕಂಡದ್ದು ನೀ ಬರಕೋ. ನನ್ನ ಕೇಳಬ್ಯಾಡ."

ಆಕಿ ಉಸುಕಿನಾಗ ಕುಂತು ಹಾಳಿ ಹಾರಬಾರದಂತ ಮೊಣಕೈ ಇಟಗೊಂಡು ಬರದ್ಲು. ನಾನು ಆಕಿ ಕಿವಿ ಹಿಂದಿನ ಗುಲಾಬಿ ಬಣ್ಣ ನೋಡಕೋತ ನಿಂತೆ. ಒಂಬತ್ತು ವರ್ಷ. ಗಂಟು ಕಟಗೊಂಡು ಹೊಚ್ಚಲದಾಗ ಕುಂತಾಕೀದೂ ಅದ ವಯಸ್ಸು. ಆಕಿ ಮಾರಿ ನೆನಪು ಮಾಡಕೊಳ್ಳಾಕ ಹೋದೆ. ಬರಲಿಲ್ಲ. ಗಂಟಿನ ಅರಿವಿ ಬಣ್ಣ ನೆನಪೈತಿ, ಹಸರು. ಮಾರಿ ಇಲ್ಲ.

ಮನಿಗೆ ತಿರುಗಿ ಹೋದ್ವಿ. ಮುದುಕಿ ಅಕ್ಕಿ ಎಲ್ಲಾ ಆರಿಸಿ ಮೊರದಾಗ ಇಟ್ಟಿದ್ಲು. ಕಾಯಿ ನಾ ಇಟ್ಟಲ್ಲೇ ಮಣಿ ಮ್ಯಾಲಿತ್ತು. ನನ್ನನ್ನ ನೋಡಿ ಆಕಿ ಎರಡು ಹೆಜ್ಜಿ ಹಿಂದ ಸರದ್ಲು. ಇನ್ನೇನ ಒಗೀತಾಳೋ ಅಂತ ಅಂಜಿರಬೇಕು.

"ಅಂಜಲಿ, ಇಲ್ಲಿ ಬಾ. ಉಡಿ ಒಡ್ಡು."

"ಅತ್ತಿ, ನೀವು..." ಅಂದ್ಲು ರೇಣುಕಾ. ಗಂಡ ಸತ್ತಾಕಿ ಉಡಿ ತುಂಬಬಾರದು. ಅದೂ ಒಂದು ರೂಢಿ.

"ಸುಮ್ಕಿರು."

ಅಕ್ಕಿ ಹಾಕಿದೆ, ಕಾಯಿ ಹಾಕಿದೆ. ಕಾಯಿ ಭಾರಕ್ಕ ಹುಡುಗಿ ಮುಂದ ಬಗ್ಗಿದ್ಲು.

"ಪರೀಕ್ಷಾ ಮುಗೀಲಿ," ಅಂತ ವಿನಾಯಕಗ ಹೇಳಿದೆ. "ಆಮ್ಯಾಲ ಇಬ್ಬರನ್ನೂ ಕಳಸತೇನಿ. ಗಾಳಿ ಬಿಟ್ಟಾಗ ಹುಡುಗಿ ಲಂಗದ ಲಾಡಿ ಹಿಡದಿದ್ದೆಲ್ಲ, ಹಂಗ ಹಿಡದಿರಬೇಕು. ಬಿಟ್ಟೆಂದ್ರ ನಾ ಬರತೇನಿ."

ಅಂವ ತಲಿ ಅಲ್ಲಾಡಿಸಿದ. ಅವನ ತಾಯಿ ಏನೋ ಅಂದ್ಲು. ಅಂವ ನಗು ತಡಕೊಂಡ.

"ಏನಂತಾಳ?"

"ನಮ್ಮ ಮನೆಗೆ ಮೊದಲನೇ ಸಲ ಯಾವ ಮಗು ಬಂದ್ರೂ ಒಂದು ಕಾಯಿ ಕೊಡ್ತೇವೆ ಅಮ್ಮ. ಮನೆಗೆ ಹೋಗಿ ತುರಿದು ತಿನ್ನಲಿ ಅಂತ. ಅದಕ್ಕೆ ಇಷ್ಟು ಗಲಾಟೆ ಯಾಕೆ ಅಂತ ಕೇಳ್ತಾಳೆ."

ಇನ್ನೊಂದ ಕಪ್ ಚಹಾ ಕೇಳಿದೆ.

ತಿರುಗಿ ಬರೂ ಬಸ್ಸಿನಾಗ ಅಂಜಲಿ ಕಾಯಿ ತೊಡಿ ಮ್ಯಾಲ ಇಟಗೊಂಡು ಮಲಗಿದ್ಲು. ರೇಣುಕಾ ಡಬ್ಬಿ ತಗದು ನನ್ನ ಕೈಯಾಗಿಟ್ಲು. ನಾ ಅದನ್ನ ಆಕಿ ಚೀಲಕ್ಕ ಹೊಳ್ಳಿ ಹಾಕಿದೆ. "ಹುಡುಗಿಗೆ ಇರಲಿ. ಅಪ್ಪಂದು ಏನರ ಒಂದು ಬೇಕಲ್ಲ" ಅಂದೆ.

ಪರೀಕ್ಷಾ ಮುಗೀತು. ಉಡಕಿ ಕಾರವಾರದಾಗ ಹಾಡಹಗಲಿಗೆ ಆತು, ನಾನೂ ಎಲ್ಲಾರ ಮುಂದನ ನಿಂತಿದ್ದೆ. ಹೋಗೂ ಹಿಂದಿನ ದಿನ ಅಂಜಲಿ ಮತ್ತ ಆ ಗಿಡದ ಹತ್ರ ಕರಕೊಂಡು ಹೋದ್ಲು. ಪೊಟರಿ ಗೋಡಿ ಒಡದಿತ್ತು. ಯಾವಾಗ ಹೊರಗ ಬಂತೋ ನಮಗ ಕಾಣಲಿಲ್ಲ. ಆಕಿ ಎರಡೂ ಕಡೆ ಬರದ್ಲು.

ಈಗ ರೇಣುಕಾ ಮಾಡತಿದ್ದ ಚಪಾತಿ ಕೆಲಸ ನಾ ಮಾಡತೇನಿ. ಪ್ರವಾಸಿಗರು ಆಂಟಿ ಅಂತಾರ, ಫೋಟೋ ತಗೀತಾರ, ಮೊಸಳಿ ಎಲ್ಲಿ ಕಾಣತಾವು ಅಂತ ಕೇಳತಾರ. ನೀರಿಗೆ ಇಳದ ನೋಡ್ರಿ ಅಂತೇನಿ. ಚೀಲದ ಕೂಡ ಅಂಜಲೀದು ಒಂದು ಹಾಳಿ ಬರತೈತಿ. 'ಕಂಡದ್ದು' ಅನ್ನೂ ಕಡೆ ಏನೇನೋ ಹಕ್ಕಿ ಹೆಸರು, 'ಕಾಣಲಿಲ್ಲ' ಅನ್ನೂ ಕಡೆ ಕಡೀಕ ತಪ್ಪದ 'ಆಯಿ'. ರಜಾಕ್ಕ ಬಸ್ ಹತ್ತಿದ್ರ ಕಾಣತೇನಿ, ಬರಕೋತ ಕೂಡಾಕ ಏನೈತಿ.

ಆ ವರ್ಷ ಮಳಿ ಹಿಡಿಯೂಕಿಂತ ಮೊದಲ ನಾನು ಮುಂಡಗೋಡಕ್ಕ ಹೋಗಿ, ಅಲ್ಲಿಂದ ಇಂದೂರಿಗೆ ಹೋದೆ. ಊರವರು ಗಂಗವ್ವನ ಮನಿ ತೋರಿಸಿದ್ರು. ಆಕಿಗೆ ತಲಿ ಅರ್ಧ ಬೆಳ್ಳಗಾಗೇತಿ. ಹೊಚ್ಚಲದಾಗ ನಿಂತು ಯಾರು ಅಂತ ಕೇಳಿದ್ಲು. 'ಸುಗ್ಗಿ ಮುಗದ ಮ್ಯಾಲ ಬರತೇನಿ ಅಂದಿದ್ದೆ' ಅಂದೆ. "ಯಾವ ಸುಗ್ಗಿ?" ಅಂದ್ಲು. ಒಳಗ ಬಾ ಅನ್ನಲಿಲ್ಲ. ಹೋಗು ಅಂತನೂ ಅನ್ನಲಿಲ್ಲ. ಕಟ್ಟಿ ಮ್ಯಾಲ ಕುಂತೆ. ಬಸ್ಸಿನ ಹೊತ್ತಾಗೂತನ ಕುಂತು, ಎದ್ದು ಬಂದೆ.

ಅವತ್ತಿನಿಂದ ಕಾರವಾರದ ಚೀಲ ಬಂದ ಕೂಡಲೆ ಸೀಗಡಿ ಎರಡು ಪಾಲು ಮಾಡತೇನಿ. ಒಂದು ಪಾಲು ನಂದು. ಇನ್ನೊಂದನ್ನ ಕಟ್ಟಿ ಮುಂಡಗೋಡದ ಬಸ್ಸಿಗೆ ಹಾಕತೇನಿ, ಇಂದೂರಿನ ಗಂಗವ್ವಗ ಅಂತ. ಆ ಬಸ್ಸಿನ ಕಂಡಕ್ಟರೂ ಮಾರಿ ತಿರುವತಾನ. ಆಕಿ ಅದನ್ನ ತಿಂತಾಳೋ ತಿಪ್ಪಿಗೆ ಹಾಕತಾಳೋ ನನಗ ಗೊತ್ತಿಲ್ಲ. ಖಾಲಿ ಚೀಲ ಮಾತ್ರ ತಿರುಗಿ ಬರತೈತಿ, ತೊಳದು ಮಡಚಿದ್ದು.